ಬಜೆಟ್ ಬೆಳೆಯಿತು, ಕಾರ್ಖಾನೆ ಸೊರಗಿತು: ಅಮೆರಿಕದ ಯುದ್ಧಸಿದ್ಧತೆಯ ಬಗ್ಗೆ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ರಕ್ಷಣಾ ವೆಚ್ಚ ವರ್ಷಕ್ಕೆ ಒಂದು ಲಕ್ಷ ಕೋಟಿ ಡಾಲರ್ ಮುಟ್ಟುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ, ಯುದ್ಧಭೂಮಿಯಲ್ಲಿ ಆ ದೇಶಕ್ಕೆ ಸರಿಸಾಟಿ ಯಾರೂ ಇಲ್ಲ ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ವೆಚ್ಚದ ಅಂಕಿಯ ಬಗ್ಗೆ ನನಗೆ ತಕರಾರಿಲ್ಲ. ಆ ಅಂಕಿಯನ್ನು ನೋಡಿ ಶಕ್ತಿಯನ್ನು ಅಳೆಯುವ ಅಭ್ಯಾಸದ ಬಗ್ಗೆ ಮಾತ್ರ ಗಂಭೀರವಾದ ತಕರಾರಿದೆ. ಬಲಾಢ್ಯ ಎದುರಾಳಿಯೊಡನೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವ ಯುದ್ಧದಲ್ಲಿ ಮೊದಲ ಕೆಲವು ವಾರಗಳನ್ನು ದಾಸ್ತಾನಿನಿಂದ ದಾಟಬಹುದು. ಆಮೇಲಿನ ಪ್ರತಿಯೊಂದು ದಿನವೂ ಕಾರ್ಖಾನೆಯಿಂದ ಏನು ಹೊರಬರುತ್ತಿದೆ ಎಂಬುದರ ಮೇಲೆ ನಿಂತಿರುತ್ತದೆ. ಕಳೆದ ಮೂವತ್ತು ವರ್ಷಗಳಲ್ಲಿ ಅಮೆರಿಕ ಕಳೆದುಕೊಂಡಿರುವುದು ಈ ಎರಡನೆಯದನ್ನು. ಅದನ್ನು ಹಣ ಸುರಿದು ಒಂದೆರಡು ವರ್ಷಗಳಲ್ಲಿ ಮರಳಿ ಪಡೆಯಬಹುದೆಂಬ ನಂಬಿಕೆಗೆ ಆಧಾರವಿಲ್ಲವೆಂದು ತೋರಿಸುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ಅರ್ಥವಾಗಬೇಕಾದರೆ ಯುದ್ಧವಿಮಾನವನ್ನೋ ವಿಮಾನವಾಹಕ ನೌಕೆಯನ್ನೋ ನೋಡಬೇಕಾಗಿಲ್ಲ, 155 ಮಿ.ಮೀ. ಫಿರಂಗಿಯ ಶೆಲ್ ಸಾಕು. ಸುಮಾರು 45 ಕೆ.ಜಿ. ತೂಗುವ ಈ ಶೆಲ್‌ನ ಮೂಲ ವಿನ್ಯಾಸ ಬಹಳ ಹಳೆಯದು, ಅದರಲ್ಲಿ ಮುಚ್ಚಿಡುವಂಥ ತಂತ್ರಜ್ಞಾನವೇನೂ ಇಲ್ಲ. ಉಕ್ಕಿನ ಉದ್ದನೆಯ ಸರಳುಗಳನ್ನು ತುಂಡರಿಸಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಒತ್ತುಯಂತ್ರದಲ್ಲಿ ಟೊಳ್ಳು ಮಾಡಿ, ಮೂತಿಯನ್ನು ಚೂಪಾಗಿಸಿ, ಹದಗೊಳಿಸಿ, ಕಡೆದು ನುಣುಪು ಮಾಡುವ ಕೆಲಸ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಲ್ಲಿ ನಡೆಯುತ್ತದೆ. ಅಲ್ಲಿನ ಕಟ್ಟಡಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೈಲ್ವೆ ಎಂಜಿನ್‌ಗಳ ದುರಸ್ತಿಗೆಂದು ಕಟ್ಟಿದವು. ಹಾಗೆ ತಯಾರಾದ ಖಾಲಿ ಶೆಲ್‌ಗಳು ಅಯೋವಾ ರಾಜ್ಯದ ಮಿಡ್ಲ್‌ಟೌನ್‌ಗೆ ಹೋಗಿ ಅಲ್ಲಿ ಸ್ಫೋಟಕ ತುಂಬಿಸಿಕೊಳ್ಳುತ್ತವೆ. ಸೇನೆಗೆ ಬೇಕಾದ ಆರ್‌ಡಿಎಕ್ಸ್‌ನಂಥ ಪ್ರಬಲ ಸ್ಫೋಟಕಗಳು ಬರುವುದು ಟೆನೆಸ್ಸಿಯ ಹೋಲ್‌ಸ್ಟನ್ ಕಾರ್ಖಾನೆಯಿಂದ. ಶೆಲ್ ಅನ್ನು ಫಿರಂಗಿಯಿಂದ ಚಿಮ್ಮಿಸುವ ಮದ್ದಿಗೆ ಬೇಕಾದ ನೈಟ್ರೋಸೆಲ್ಯುಲೋಸ್ ಬರುವುದು ವರ್ಜೀನಿಯಾದ ರ್‍ಯಾಡ್‌ಫರ್ಡ್‌ನಿಂದ. ಇನ್ನು ಟಿಎನ್‌ಟಿ ಎಂಬ ಸ್ಫೋಟಕವನ್ನು ಅಮೆರಿಕ ತನ್ನ ನೆಲದಲ್ಲಿ 1986ರಿಂದ ತಯಾರಿಸಿಯೇ ಇಲ್ಲ. ಪೋಲೆಂಡ್‌ನಂಥ ದೇಶಗಳಿಂದ ಕೊಂಡು ತರುತ್ತಿದೆ. ಕೆಂಟಕಿ ರಾಜ್ಯದಲ್ಲಿ ಹೊಸದೊಂದು ಟಿಎನ್‌ಟಿ ಕಾರ್ಖಾನೆ ಕಟ್ಟಲು ಗುತ್ತಿಗೆ ಕೊಟ್ಟದ್ದು 2024ರ ನವೆಂಬರ್‌ನಲ್ಲಿ, ಅಂದರೆ ಉಕ್ರೇನ್ ಯುದ್ಧ ಶುರುವಾಗಿ ಎರಡೂ ಮುಕ್ಕಾಲು ವರ್ಷ ಕಳೆದ ಮೇಲೆ.

2022ಕ್ಕೆ ಮೊದಲು ಈ ಇಡೀ ಸರಪಳಿಯಿಂದ ತಿಂಗಳಿಗೆ ಸುಮಾರು 14,000 ಶೆಲ್‌ಗಳು ಹೊರಬರುತ್ತಿದ್ದವು. ಉಕ್ರೇನ್ ಸೇನೆ ಯುದ್ಧ ಬಿರುಸಾಗಿದ್ದಾಗ ದಿನಕ್ಕೆ 6,000ದಿಂದ 7,000 ಶೆಲ್ ಹಾರಿಸುತ್ತಿತ್ತು. ಜಗತ್ತಿನ ಅತಿ ಶ್ರೀಮಂತ ದೇಶದ ಒಂದು ತಿಂಗಳ ದುಡಿಮೆ ಒಂದೇ ರಣರಂಗದಲ್ಲಿ ಮೂರು ದಿನಕ್ಕೂ ಸಾಲುತ್ತಿರಲಿಲ್ಲ ಎಂದಾಯಿತು. ಇದು ಬಯಲಾದ ಮೇಲೆ ಅಮೆರಿಕದ ಭೂಸೇನೆ ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ನೂರಾರು ಕೋಟಿ ಡಾಲರ್ ಮಂಜೂರಾಯಿತು, ಟೆಕ್ಸಾಸ್‌ನ ಮೆಸ್ಕೀಟ್‌ನಲ್ಲಿ 2024ರಲ್ಲಿ ಹೊಸ ಕಾರ್ಖಾನೆ ಆರಂಭವಾಯಿತು, ಹಳೆಯ ಕಡೆ ಹೊಸ ಯಂತ್ರಗಳು ಬಂದವು, 2025ರ ಹೊತ್ತಿಗೆ ತಿಂಗಳಿಗೆ ಒಂದು ಲಕ್ಷ ಶೆಲ್ ಎಂಬ ಗುರಿಯೂ ನಿಗದಿಯಾಯಿತು. 2025ರ ಮಧ್ಯದ ಹೊತ್ತಿಗೆ ತಲುಪಿದ್ದು ಸುಮಾರು 40,000. ಮೂರು ವರ್ಷಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಹಣಕ್ಕೆ ಕೊರತೆಯಿಲ್ಲದೆ, ತನ್ನ ನೆಲದ ಮೇಲೆ ಒಂದೇ ಒಂದು ಬಾಂಬು ಬೀಳದೆ, ಯಾರ ಅಡ್ಡಿಯೂ ಇಲ್ಲದೆ, ಇಷ್ಟು ಸರಳವಾದ ವಸ್ತುವನ್ನು ಹೆಚ್ಚಿಸಲು ಇಷ್ಟು ಸಮಯ ಹಿಡಿಯಿತು ಎಂಬುದನ್ನು ಗಮನಿಸಬೇಕು. ಶೆಲ್‌ಗೇ ಹೀಗಾದರೆ, ಸಾವಿರಾರು ಬಿಡಿಭಾಗಗಳಿರುವ ಕ್ಷಿಪಣಿಯ ಗತಿಯೇನು?

ಅದಕ್ಕೂ ಉತ್ತರ ಸಿಕ್ಕಿದೆ. ಹೆಗಲ ಮೇಲಿಟ್ಟು ಹಾರಿಸುವ ವಿಮಾನನಾಶಕ ಸ್ಟಿಂಗರ್ ಕ್ಷಿಪಣಿಯನ್ನು ಅಮೆರಿಕದ ಸೇನೆ ಹತ್ತಿರ ಹತ್ತಿರ ಎರಡು ದಶಕ ತನಗಾಗಿ ಕೊಂಡಿರಲಿಲ್ಲ. ಉಕ್ರೇನ್ ಯುದ್ಧದ ಮೊದಲ ಹತ್ತು ತಿಂಗಳಲ್ಲಿ ಹದಿಮೂರು ವರ್ಷಗಳ ಉತ್ಪಾದನೆಯಷ್ಟು ಸ್ಟಿಂಗರ್‌ಗಳೂ ಐದು ವರ್ಷಗಳ ಉತ್ಪಾದನೆಯಷ್ಟು ಟ್ಯಾಂಕ್‌ನಾಶಕ ಜಾವೆಲಿನ್ ಕ್ಷಿಪಣಿಗಳೂ ಖರ್ಚಾದವೆಂದು ಅವುಗಳನ್ನು ತಯಾರಿಸುವ ರೇಥಿಯಾನ್ ಕಂಪನಿಯ ಅಂದಿನ ಮುಖ್ಯಸ್ಥ ಗ್ರೆಗ್ ಹೇಯ್ಸ್ 2022ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿಯೇ ಹೇಳಿದರು. ಮತ್ತೆ ತಯಾರಿಸಲು ಹೊರಟಾಗ ಕೆಲವು ಬಿಡಿಭಾಗಗಳು ಮಾರುಕಟ್ಟೆಯಲ್ಲೇ ಇರಲಿಲ್ಲ. ಅವನ್ನು ಹೊಸದಾಗಿ ವಿನ್ಯಾಸಗೊಳಿಸಬೇಕಾಯಿತು. ಜೋಡಣೆಯ ಕೆಲಸ ಕಲಿಸಲು ನಿವೃತ್ತರಾಗಿ ಎಪ್ಪತ್ತು ದಾಟಿದ್ದ ನೌಕರರನ್ನು ಕಂಪನಿ ಮರಳಿ ಕರೆಸಿಕೊಂಡಿತು. ಈ ಸಂಗತಿ ನನ್ನನ್ನು ಬಹಳ ಕಾಡಿದೆ. ನಕ್ಷೆಗಳು ಕಡತದಲ್ಲಿದ್ದವು, ಕಂಪನಿಯ ಬಳಿ ಹಣವಿತ್ತು, ಗಿರಾಕಿ ಕಾದು ನಿಂತಿದ್ದ; ಆದರೆ ಯಾವ ತಂತಿಯನ್ನು ಎಷ್ಟು ಬಿಗಿಯಬೇಕು, ಯಾವ ಹಂತದಲ್ಲಿ ಕೈ ನಿಧಾನಿಸಬೇಕು ಎಂಬ ಅರಿವು ಕೆಲವೇ ವೃದ್ಧರ ಕೈಯಲ್ಲಿ ಉಳಿದಿತ್ತು. ಅವರು ಇನ್ನೊಂದು ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರೆ ಆ ಜ್ಞಾನವನ್ನು ಯಾವ ಬಜೆಟ್‌ನಿಂದ ಕೊಂಡು ತರಲು ಸಾಧ್ಯವಿತ್ತು?

ಈ ಸ್ಥಿತಿಗೆ ಕಾರಣ ಹುಡುಕುತ್ತ ಹೋದರೆ 1993ಕ್ಕೆ ಬಂದು ನಿಲ್ಲುತ್ತೇವೆ. ಸೋವಿಯತ್ ಒಕ್ಕೂಟ ಕುಸಿದಿತ್ತು, ರಕ್ಷಣಾ ವೆಚ್ಚ ಇಳಿಯುತ್ತಿತ್ತು. ಆ ವರ್ಷ ಪೆಂಟಗನ್‌ನಲ್ಲಿ ನಡೆದ ಒಂದು ಭೋಜನಕೂಟದಲ್ಲಿ ಅಂದಿನ ರಕ್ಷಣಾ ಉಪಕಾರ್ಯದರ್ಶಿ ವಿಲಿಯಂ ಪೆರ್ರಿ ಅವರು ಶಸ್ತ್ರಾಸ್ತ್ರ ಕಂಪನಿಗಳ ಮುಖ್ಯಸ್ಥರಿಗೆ, ಇಷ್ಟೊಂದು ಕಂಪನಿಗಳನ್ನು ಸಾಕುವಷ್ಟು ಕೆಲಸ ಇನ್ನು ಮುಂದೆ ಇರುವುದಿಲ್ಲ, ವಿಲೀನವಾಗದಿದ್ದರೆ ಹಲವು ಮುಚ್ಚಿಹೋಗುತ್ತವೆ ಎಂದು ಸ್ಪಷ್ಟವಾಗಿ ತಿಳಿಸಿದರು. ಆಮೇಲೆ ಆದದ್ದು ವೇಗವಾಗಿಯೇ ಆಯಿತು. 1994ರಲ್ಲಿ ನಾರ್ತ್‌ರಾಪ್ ಮತ್ತು ಗ್ರಮ್ಮನ್, 1995ರಲ್ಲಿ ಲಾಕ್‌ಹೀಡ್ ಮತ್ತು ಮಾರ್ಟಿನ್ ಮರಿಯೆಟ್ಟಾ, 1997ರಲ್ಲಿ ಬೋಯಿಂಗ್ ಮತ್ತು ಮ್ಯಾಕ್‌ಡೊನೆಲ್ ಡಗ್ಲಸ್ ಒಂದಾದವು. 2022ರಲ್ಲಿ ರಕ್ಷಣಾ ಇಲಾಖೆಯೇ ಪ್ರಕಟಿಸಿದ ವರದಿಯ ಪ್ರಕಾರ 1990ರ ದಶಕದಲ್ಲಿ 51 ಇದ್ದ ಪ್ರಮುಖ ಗುತ್ತಿಗೆದಾರ ಕಂಪನಿಗಳು ಐದಕ್ಕೆ ಇಳಿದಿವೆ. ಯುದ್ಧರಂಗದ ಕ್ಷಿಪಣಿ ತಯಾರಿಸುವವರು 13 ಇದ್ದದ್ದು ಮೂರಾಗಿದ್ದಾರೆ. ಕ್ಷಿಪಣಿಗಳನ್ನು ನೂಕುವ ಘನ ಇಂಧನದ ರಾಕೆಟ್ ಮೋಟರ್ ಮಾಡುವ ದೊಡ್ಡ ಕಂಪನಿಗಳು 1995ರಲ್ಲಿ ಆರಿದ್ದವು, 2017ರ ಹೊತ್ತಿಗೆ ಎರಡೇ ಉಳಿದವು. ಆ ಘನ ಇಂಧನದ ಮುಖ್ಯ ಘಟಕವಾದ ಅಮೋನಿಯಂ ಪರ್ಕ್ಲೋರೇಟ್ ಅನ್ನು ದೇಶದೊಳಗೆ ತಯಾರಿಸುತ್ತಿದ್ದ ಎರಡು ಕಾರ್ಖಾನೆಗಳಲ್ಲಿ ಒಂದು 1988ರಲ್ಲಿ ನೆವಾಡಾದ ಹೆಂಡರ್ಸನ್‌ನಲ್ಲಿ ಸ್ಫೋಟಗೊಂಡು ನಾಶವಾಯಿತು. ಆ ದುರಂತ ಕಲಿಸಬೇಕಿದ್ದುದನ್ನು ಕಲಿಸಲಿಲ್ಲ, ದಶಕಗಳ ಕಾಲ ಯೂಟಾ ರಾಜ್ಯದ ಒಂದೇ ಉತ್ಪಾದಕನ ಮೇಲೆ ಇಡೀ ದೇಶ ಅವಲಂಬಿಸಿತು.

ದೋಷವನ್ನೆಲ್ಲ ಕಂಪನಿಗಳ ಲಾಭಕೋರತನದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಲಾಭಾಂಶ ಹಂಚುವುದಕ್ಕೂ ತಮ್ಮದೇ ಷೇರು ಮರಳಿ ಕೊಳ್ಳುವುದಕ್ಕೂ ಈ ಕಂಪನಿಗಳು ಹೆಚ್ಚು ಹೆಚ್ಚು ಹಣ ಬಳಸಿ, ಯಂತ್ರೋಪಕರಣ ಮತ್ತು ಸಂಶೋಧನೆಗೆ ಕೈ ಬಿಗಿ ಮಾಡಿದ್ದು ನಿಜ. ರಕ್ಷಣಾ ಇಲಾಖೆ 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಅದನ್ನೇ ಹೇಳಿದೆ. ಆದರೆ ಈ ಮಾರುಕಟ್ಟೆಯಲ್ಲಿ ಗಿರಾಕಿ ಒಬ್ಬನೇ, ಅದು ಸರ್ಕಾರ. ಆ ಗಿರಾಕಿ ಕೊಳ್ಳುವ ರೀತಿಯೇ ಕಾರ್ಖಾನೆಯನ್ನು ರೂಪಿಸುತ್ತದೆ. ಬಜೆಟ್ ಬಿಗಿಯಾದ ವರ್ಷ ಹೊಸ ವಿಮಾನದ ಅಥವಾ ಹಡಗಿನ ಯೋಜನೆಯನ್ನು ಉಳಿಸಿಕೊಳ್ಳಲು ಮೊದಲು ಕತ್ತರಿ ಬೀಳುತ್ತಿದ್ದುದು ಮದ್ದುಗುಂಡುಗಳ ಖರೀದಿಗೆ. ವಿಮಾನಕ್ಕೆ ಹೆಸರಿದೆ, ಅದನ್ನು ಕಟ್ಟುವ ಊರುಗಳಿಗೆ ಕಾಂಗ್ರೆಸ್‌ನಲ್ಲಿ ಪ್ರತಿನಿಧಿಗಳಿದ್ದಾರೆ, ಅದರ ಚಿತ್ರ ಮುಖಪುಟದಲ್ಲಿ ಬರುತ್ತದೆ. ಗೋದಾಮಿನಲ್ಲಿರುವ ಕ್ಷಿಪಣಿಯ ಪರವಾಗಿ ಮಾತಾಡುವವರು ಕಡಿಮೆ. ಒಂದು ವರ್ಷ ಇನ್ನೂರು, ಮರುವರ್ಷ ಐವತ್ತು, ಅದರ ಮರುವರ್ಷ ಏನೂ ಇಲ್ಲ ಎಂಬಂತೆ ಆದೇಶ ಕೊಡುವ ಗಿರಾಕಿಗಾಗಿ ಯಾವ ಕಂಪನಿಯೂ ಎರಡನೆಯ ಉತ್ಪಾದನಾ ಸಾಲು ಕಟ್ಟಿ ಖಾಲಿ ಇಟ್ಟುಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ದೊಡ್ಡ ಕಂಪನಿಯ ಕೆಳಗೆ ಮೂರನೆಯ ನಾಲ್ಕನೆಯ ಹಂತದಲ್ಲಿರುವ ಸಣ್ಣ ವರ್ಕ್‌ಶಾಪ್‌ಗಳು, ಅಂದರೆ ಎರಕ ಹೊಯ್ಯುವವರು, ಬೇರಿಂಗ್ ಮಾಡುವವರು, ಬ್ಯಾಟರಿ ಮಾಡುವವರು, ಆದೇಶವಿಲ್ಲದ ಎರಡು ವರ್ಷಗಳನ್ನು ತಡೆದುಕೊಳ್ಳಲಾರರು. ಅವರು ಬಾಗಿಲು ಹಾಕಿದ್ದು ಸುದ್ದಿಯಾಗುವುದಿಲ್ಲ. ಯುದ್ಧ ಬಂದು ಆ ಬಿಡಿಭಾಗವನ್ನು ಕೇಳಿದಾಗ ಮಾತ್ರ ಗೊತ್ತಾಗುತ್ತದೆ.

ಇಲ್ಲಿ ಬಹಳ ಮಂದಿ ಎರಡನೆಯ ಮಹಾಯುದ್ಧವನ್ನು ನೆನಪಿಸುತ್ತಾರೆ. 1940ರ ದಶಕದಲ್ಲಿ ಅಮೆರಿಕ ಕಾರು ಮಾಡುವುದನ್ನು ನಿಲ್ಲಿಸಿ ಟ್ಯಾಂಕು, ವಿಮಾನಗಳನ್ನು ಹೊರಹಾಕಲಿಲ್ಲವೇ, ಮತ್ತೊಮ್ಮೆ ಹಾಗೆಯೇ ಮಾಡುತ್ತದೆ ಎಂಬುದು ಅವರ ವಾದ. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಹೆನ್ರಿ ಕೈಸರ್ ಅವರ ಹಡಗುಕಟ್ಟೆ 1942ರ ನವೆಂಬರ್‌ನಲ್ಲಿ ಲಿಬರ್ಟಿ ಎಂಬ ಮಾದರಿಯ ಒಂದು ಸರಕು ಹಡಗನ್ನು ನಾಲ್ಕು ದಿನ ಹದಿನೈದು ಗಂಟೆಗಳಲ್ಲಿ ಕಟ್ಟಿ ನೀರಿಗಿಳಿಸಿದ್ದು ನಿಜ. ಯುದ್ಧ ಮುಗಿಯುವಷ್ಟರಲ್ಲಿ ಅಂಥ 2,710 ಹಡಗುಗಳು ತಯಾರಾದದ್ದೂ ನಿಜ. ಆದರೆ ಅದೇ ಮಾದರಿಯ ಮೊದಲ ಹಡಗು ಸಿದ್ಧವಾಗಲು ಸುಮಾರು ಎಂಟು ತಿಂಗಳು ಹಿಡಿದಿತ್ತೆಂಬುದನ್ನು ಯಾರೂ ಹೇಳುವುದಿಲ್ಲ. ಮಿಷಿಗನ್‌ನ ವಿಲ್ಲೋ ರನ್‌ನಲ್ಲಿ ಫೋರ್ಡ್ ಕಂಪನಿ ಗಂಟೆಗೊಂದು ಬಿ-24 ಬಾಂಬರ್ ವಿಮಾನ ತಯಾರಿಸಿದ ಕಥೆ ಎಲ್ಲರಿಗೂ ಗೊತ್ತು. ಆ ಕಾರ್ಖಾನೆಯ ಕೆಲಸ ಶುರುವಾದದ್ದು 1941ರ ವಸಂತದಲ್ಲಿ, ಗಂಟೆಗೊಂದರ ವೇಗ ಬಂದದ್ದು 1944ರಲ್ಲಿ ಎಂಬುದು ಅಷ್ಟಾಗಿ ಗೊತ್ತಿಲ್ಲ. ನಡುವಿನ ವರ್ಷಗಳಲ್ಲಿ ಅದು ಎಂದಾದರೂ ಓಡುತ್ತದೆಯೇ ಎಂದು ಜನ ಹಂಗಿಸಿದ್ದರು. ಕಾರು ತಯಾರಿಕೆಯಲ್ಲಿ ಜಗತ್ತಿಗೇ ಪಾಠ ಹೇಳಿದ ಕಂಪನಿಗೆ, ಯುದ್ಧಕಾಲದ ಎಲ್ಲ ಅಧಿಕಾರ ಮತ್ತು ಹಣ ಬೆನ್ನಿಗಿದ್ದಾಗಲೂ, ಮೂರು ವರ್ಷ ಬೇಕಾಯಿತು.

ಸಿದ್ಧತೆ ಶುರುವಾದ ಕಾಲವನ್ನೂ ಗಮನಿಸಬೇಕು. ನೌಕಾಪಡೆಯನ್ನು ಶೇ 70ರಷ್ಟು ಹಿಗ್ಗಿಸುವ ಕಾಯ್ದೆಗೆ ಅಮೆರಿಕದ ಕಾಂಗ್ರೆಸ್ ಒಪ್ಪಿಗೆ ಕೊಟ್ಟದ್ದು 1940ರ ಜುಲೈನಲ್ಲಿ, ಅಮೆರಿಕವನ್ನು ಯುದ್ಧಕ್ಕೆಳೆದ ಪರ್ಲ್ ಹಾರ್ಬರ್ ದಾಳಿಗೆ ಸುಮಾರು ಒಂದೂವರೆ ವರ್ಷ ಮೊದಲು. ಪೆಸಿಫಿಕ್ ಸಾಗರದಲ್ಲಿ ಜಪಾನನ್ನು ಹಿಮ್ಮೆಟ್ಟಿಸಿದ ಎಸೆಕ್ಸ್ ವರ್ಗದ ವಿಮಾನವಾಹಕ ನೌಕೆಗಳಲ್ಲಿ ಮೊದಲನೆಯದಕ್ಕೆ ಆದೇಶ ಹೋದದ್ದು ಅದೇ 1940ರಲ್ಲಿ, ಅದು ಸೇವೆಗೆ ಸೇರಿದ್ದು 1942ರ ಕಡೆಯ ದಿನ. ಫ್ರಾನ್ಸ್ ಮತ್ತು ಬ್ರಿಟನ್ ಕೊಟ್ಟ ವಿಮಾನದ ಆದೇಶಗಳು ಅದಕ್ಕೂ ಮೊದಲೇ ಅಮೆರಿಕದ ಕಾರ್ಖಾನೆಗಳನ್ನು ಎಬ್ಬಿಸಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, 1930ರ ದಶಕದ ಆರ್ಥಿಕ ಮಹಾಕುಸಿತದಿಂದ ಕೆಲಸವಿಲ್ಲದೆ ನಿಂತಿದ್ದ ಯಂತ್ರಗಳೂ ಕೈಗಳೂ ಆಗ ಲಕ್ಷಗಟ್ಟಲೆ ಇದ್ದವು. ಟರ್ನರ್, ಫಿಟ್ಟರ್, ವೆಲ್ಡರ್, ಅಚ್ಚು ಮಾಡುವವ ಎಲ್ಲರೂ ಊರೂರಿನಲ್ಲಿ ಸಿಗುತ್ತಿದ್ದರು. 1979ರಲ್ಲಿ ಅಮೆರಿಕದ ಉತ್ಪಾದನಾ ವಲಯದಲ್ಲಿ 1.95 ಕೋಟಿ ಜನ ದುಡಿಯುತ್ತಿದ್ದರು. ದೇಶದ ಜನಸಂಖ್ಯೆ ಅಂದಿಗಿಂತ ಎಷ್ಟೋ ಹೆಚ್ಚಿರುವ ಇಂದು ಆ ಸಂಖ್ಯೆ 1.3 ಕೋಟಿಗಿಂತ ಕಡಿಮೆ. ಯಂತ್ರಗಳು ಹೆಚ್ಚು ಚುರುಕಾಗಿರುವುದರಿಂದ ಈ ಇಳಿಕೆಯೆಲ್ಲ ನಷ್ಟವಲ್ಲ ಎಂದು ಅರ್ಥಶಾಸ್ತ್ರಜ್ಞರು ಹೇಳುವುದು ನ್ಯಾಯವೇ. ಆದರೆ ತುರ್ತಿನಲ್ಲಿ ನಾಗರಿಕ ಉದ್ಯಮದಿಂದ ಯುದ್ಧೋದ್ಯಮಕ್ಕೆ ಕರೆತರಬಹುದಾದ ನುರಿತ ಕೈಗಳ ಸಮೂಹ ಕರಗಿದೆ ಎಂಬುದು ಆ ಲೆಕ್ಕದಲ್ಲಿ ಕಾಣುವುದಿಲ್ಲ.

ಶಾಂತಿಕಾಲದ ಉಳಿತಾಯ ಯುದ್ಧದಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಅದೇ ಯುದ್ಧದ ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ಅಮೆರಿಕದ ಜಲಾಂತರ್ಗಾಮಿಗಳ ಮುಖ್ಯ ಅಸ್ತ್ರವಾಗಿದ್ದ ಮಾರ್ಕ್ 14 ಟಾರ್ಪಿಡೊ ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿ ತಯಾರಾಗುತ್ತಿತ್ತು. ಒಂದಕ್ಕೆ ಸುಮಾರು 10,000 ಡಾಲರ್ ಬೆಲೆಯೆಂದು ಯುದ್ಧಕ್ಕೆ ಮೊದಲು ಅದನ್ನು ನಿಜವಾದ ಸಿಡಿತಲೆಯೊಡನೆ ಸರಿಯಾಗಿ ಪರೀಕ್ಷಿಸಲೇ ಇಲ್ಲ. ಯುದ್ಧ ಶುರುವಾದ ಮೇಲೆ ನೋಡಿದರೆ ಅದು ನಿಗದಿಗಿಂತ ಆಳದಲ್ಲಿ ಸಾಗಿ ಹಡಗಿನ ಅಡಿಯಿಂದ ಹಾದುಹೋಗುತ್ತಿತ್ತು, ಕಾಂತೀಯ ಸ್ಫೋಟಕ ಸಾಧನ ಅಕಾಲದಲ್ಲಿ ಸಿಡಿಯುತ್ತಿತ್ತು, ನೇರವಾಗಿ ತಾಗಿದಾಗ ಸಿಡಿಸುವ ಸೂಜಿ ಬಾಗಿ ಮುರಿಯುತ್ತಿತ್ತು. ಒಂದು ದೋಷ ಸರಿಪಡಿಸಿದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ಹೊರಬೀಳುತ್ತಿತ್ತು. ಎಲ್ಲವೂ ಸರಿಹೋಗುವ ಹೊತ್ತಿಗೆ 1943ರ ಶರತ್ಕಾಲ ಬಂದಿತ್ತು. ಸುಮಾರು ಎರಡು ವರ್ಷ ನಾವಿಕರು ಪ್ರಾಣ ಪಣಕ್ಕಿಟ್ಟು ಶತ್ರುವಿನ ಸಮೀಪ ಹೋಗಿ, ಸಿಡಿಯದ ಅಸ್ತ್ರವನ್ನು ಹಾರಿಸಿ, ತಮ್ಮ ಇರುವನ್ನು ತೋರಿಸಿಕೊಟ್ಟು ಬಂದರು. ಕೆಲವು ಸಾವಿರ ಡಾಲರ್ ಉಳಿಸಿದವರು ಆ ಜಲಾಂತರ್ಗಾಮಿಗಳಲ್ಲಿ ಇರಲಿಲ್ಲ.

ಈಗ ಹಡಗುಗಳ ವಿಷಯ. ನನ್ನ ದೃಷ್ಟಿಯಲ್ಲಿ ಅಮೆರಿಕದ ಅತಿ ದೊಡ್ಡ ದೌರ್ಬಲ್ಯ ಇರುವುದು ಇಲ್ಲಿ. ಪೆಸಿಫಿಕ್‌ನಲ್ಲಿ ಚೀನಾದೊಡನೆ ಯುದ್ಧವಾದರೆ ಎಂಬ ಪ್ರಶ್ನೆಯ ಸುತ್ತಲೇ ಅಮೆರಿಕದ ಇಂದಿನ ಸೇನಾ ಯೋಜನೆಗಳೆಲ್ಲ ನಿಂತಿವೆ. ಜಗತ್ತಿನ ವಾಣಿಜ್ಯ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈಗ ಚೀನಾ ಕಟ್ಟುತ್ತಿದೆ. ಅಮೆರಿಕದ ಪಾಲು ಸುಮಾರು ಶೇ 0.1. ಅಮೆರಿಕದ ನೌಕಾ ಗುಪ್ತಚರ ವಿಭಾಗವೇ ಮಾಡಿದ ಅಂದಾಜಿನಲ್ಲಿ ಚೀನಾದ ಹಡಗು ನಿರ್ಮಾಣ ಸಾಮರ್ಥ್ಯ ಅಮೆರಿಕದ್ದಕ್ಕಿಂತ 200 ಪಟ್ಟಿಗೂ ಹೆಚ್ಚು. ಆ ಸಾಮರ್ಥ್ಯದ ಬಹುಪಾಲು ಸರಕು ಹಡಗುಗಳದ್ದು ಎಂಬುದನ್ನು ಮರೆಯಬಾರದು, ಆದ್ದರಿಂದ ಅದನ್ನು ಯುದ್ಧನೌಕೆಗಳ ಬಲಾಬಲವೆಂದು ಓದುವುದು ತಪ್ಪು. ಆದರೆ ಮುರಿದ ಹಡಗನ್ನು ಎಳೆದು ತಂದು ನಿಲ್ಲಿಸಲು ಒಣ ಹಡಗುಕಟ್ಟೆ ಎಷ್ಟಿವೆ, ಅದನ್ನು ಸರಿಪಡಿಸಲು ಕಾರ್ಮಿಕರು ಎಷ್ಟಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಇರುವುದು ಆ ಅಂಕಿಯಲ್ಲೇ. ಚೀನಾದ ನೌಕಾಪಡೆಯಲ್ಲಿ 370ಕ್ಕೂ ಹೆಚ್ಚು ನೌಕೆಗಳಿವೆ, ಅಮೆರಿಕದಲ್ಲಿ 300ಕ್ಕಿಂತ ತುಸು ಕಡಿಮೆ. ಅಮೆರಿಕದವು ಗಾತ್ರದಲ್ಲೂ ಗುಣದಲ್ಲೂ ಮೇಲು ಎಂಬುದನ್ನು ಒಪ್ಪಿಕೊಂಡರೂ, ಮುಳುಗಿದ ಮೊದಲ ಹತ್ತು ನೌಕೆಗಳ ಜಾಗವನ್ನು ಯಾರು ಬೇಗ ತುಂಬಬಲ್ಲರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಅಮೆರಿಕದ ಮೇಲುಗೈ ಇನ್ನೂ ನಿಸ್ಸಂದೇಹವಾಗಿರುವ ಕ್ಷೇತ್ರ ಅಣುಶಕ್ತಿಚಾಲಿತ ಜಲಾಂತರ್ಗಾಮಿಗಳದ್ದು. ವರ್ಜೀನಿಯಾ ವರ್ಗದ ಇಂಥ ಜಲಾಂತರ್ಗಾಮಿಗಳನ್ನು ವರ್ಷಕ್ಕೆ ಎರಡರಂತೆ ಕಟ್ಟಬೇಕೆಂಬುದು ಗುರಿ. ಕನೆಕ್ಟಿಕಟ್‌ನ ಗ್ರೋಟನ್ ಮತ್ತು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನ ಎರಡು ಹಡಗುಕಟ್ಟೆಗಳು ಸೇರಿ ಈಚಿನ ವರ್ಷಗಳಲ್ಲಿ ಕಟ್ಟಿರುವುದು ವರ್ಷಕ್ಕೆ ಸುಮಾರು 1.2. ಆಸ್ಟ್ರೇಲಿಯಾಕ್ಕೂ ಕೊಡುವುದಾಗಿ ಆ ದೇಶ ಮತ್ತು ಬ್ರಿಟನ್ ಜೊತೆಗಿನ ಆಕಸ್ ರಕ್ಷಣಾ ಒಪ್ಪಂದದಲ್ಲಿ ಮಾತು ಕೊಟ್ಟಿರುವುದರಿಂದ ಬೇಕಾದದ್ದು ವರ್ಷಕ್ಕೆ 2.33. ಕಟ್ಟಿದ್ದನ್ನು ಸುಸ್ಥಿತಿಯಲ್ಲಿಡುವ ಸ್ಥಿತಿಯೂ ಇದಕ್ಕಿಂತ ಒಳ್ಳೆಯದಲ್ಲ. ಬೋಯಿಸಿ ಎಂಬ ಜಲಾಂತರ್ಗಾಮಿ 2015ರಲ್ಲಿ ಗಸ್ತು ಮುಗಿಸಿ ಬಂದ ಮೇಲೆ ದುರಸ್ತಿಗೆ ಕಟ್ಟೆಯಲ್ಲಿ ಜಾಗ ಸಿಗದೆ ಕಾಯುತ್ತಾ ನಿಂತಿತು, 2017ರಲ್ಲಿ ನೀರಿನಡಿ ಇಳಿಯುವ ಅರ್ಹತೆಯನ್ನೇ ಕಳೆದುಕೊಂಡಿತು, ಅದರ ದುರಸ್ತಿಯ ಮುಖ್ಯ ಗುತ್ತಿಗೆ ಆದದ್ದು 2024ರಲ್ಲಿ. ಯುದ್ಧದಲ್ಲಿ ಒಂದು ಏಟೂ ತಿನ್ನದೆ ಒಂದು ಜಲಾಂತರ್ಗಾಮಿ ಹತ್ತಿರ ಹತ್ತಿರ ಒಂದು ದಶಕ ಕೆಲಸಕ್ಕೆ ಬಾರದೆ ನಿಂತಿತೆಂದರೆ, ಏಟು ತಿಂದ ಇಪ್ಪತ್ತು ಮೂವತ್ತು ನೌಕೆಗಳು ಒಟ್ಟಿಗೆ ಬಂದಾಗ ಏನಾಗಬಹುದೆಂದು ಊಹಿಸಲು ತಜ್ಞರೇ ಬೇಕಾಗಿಲ್ಲ. ನೌಕಾಪಡೆಯ ಸ್ವಂತ ಹಡಗುಕಟ್ಟೆಗಳು ಈಗ ನಾಲ್ಕೇ ನಾಲ್ಕು. ಫಿಲಡೆಲ್ಫಿಯಾ, ಚಾರ್ಲ್ಸ್‌ಟನ್, ಮೇರ್ ಐಲೆಂಡ್, ಲಾಂಗ್ ಬೀಚ್‌ಗಳನ್ನು 1990ರ ದಶಕದಲ್ಲಿ ಮುಚ್ಚಲಾಯಿತು. ವಾಣಿಜ್ಯ ಹಡಗು ನಿರ್ಮಾಣಕ್ಕೆ ಕೊಡುತ್ತಿದ್ದ ಸಹಾಯಧನವನ್ನು ಅದಕ್ಕೂ ಮೊದಲು, 1981ರಲ್ಲಿ, ರೇಗನ್ ಸರ್ಕಾರ ನಿಲ್ಲಿಸಿತ್ತು. ಹಣ ಉಳಿಸುವ ನಿರ್ಧಾರವಾಗಿ ಅದು ಅಂದು ತಪ್ಪಾಗಿ ಕಾಣಲಿಲ್ಲ. ಆದರೆ ಸರಕು ಹಡಗು ಕಟ್ಟುವ ಕೈಗಳೇ ತುರ್ತಿನಲ್ಲಿ ಯುದ್ಧನೌಕೆ ಕಟ್ಟುವ ಕೈಗಳು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಡಗುಕಟ್ಟೆಗಳ ಇಂದಿನ ಮುಖ್ಯ ಗೋಳು ಜನರದ್ದು. ಇಕ್ಕಟ್ಟಾದ ಉಕ್ಕಿನ ಕೋಣೆಯಲ್ಲಿ ಬಗ್ಗಿ ಬೆಸುಗೆ ಹಾಕುವ ಹೊಸ ಕೆಲಸಗಾರನಿಗೆ ಸಿಗುವ ಸಂಬಳ, ಹವಾನಿಯಂತ್ರಿತ ಅಂಗಡಿಯ ಗಲ್ಲಾದಲ್ಲಿ ನಿಲ್ಲುವವನ ಸಂಬಳಕ್ಕಿಂತ ಹೆಚ್ಚೇನೂ ಇಲ್ಲದಿದ್ದರೆ ಅವನು ಯಾಕೆ ಉಳಿಯಬೇಕು? ಹೊಸದಾಗಿ ಸೇರಿದವರಲ್ಲಿ ಬಹುಮಂದಿ ಮೊದಲ ವರ್ಷದಲ್ಲೇ ಬಿಟ್ಟು ಹೋಗುತ್ತಿದ್ದಾರೆ. ಜಲಾಂತರ್ಗಾಮಿಯ ಒತ್ತಡ ತಡೆಯುವ ಬೆಸುಗೆ ಹಾಕಬಲ್ಲವನು ತಯಾರಾಗಲು ಐದಾರು ವರ್ಷ ಬೇಕು; ಹಾಗಾಗಿ ಈ ವರ್ಷ ಬಿಟ್ಟುಹೋದ ಯುವಕನ ಕೊರತೆ ಕಾಣಿಸಿಕೊಳ್ಳುವುದು ಮುಂದಿನ ದಶಕದಲ್ಲಿ.

ಕಚ್ಚಾ ವಸ್ತುಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ರಾಡಾರ್‌ಗೆ ಬೇಕಾದ ಗ್ಯಾಲಿಯಂ, ಇರುಳುನೋಟದ ಸಾಧನಗಳಿಗೆ ಬೇಕಾದ ಜರ್ಮೇನಿಯಂ, ಮದ್ದುಗುಂಡಿಗೆ ಬೇಕಾದ ಆಂಟಿಮನಿಗಳನ್ನು ಅಮೆರಿಕಕ್ಕೆ ರಫ್ತು ಮಾಡುವುದನ್ನು ಚೀನಾ 2024ರ ಡಿಸೆಂಬರ್‌ನಲ್ಲಿ ನಿಷೇಧಿಸಿತು. 2025ರ ಏಪ್ರಿಲ್‌ನಲ್ಲಿ ಏಳು ವಿರಳ ಭೂಲೋಹಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಮೊದಲ ನಿಷೇಧವನ್ನು 2025ರ ನವೆಂಬರ್‌ನಲ್ಲಿ ಒಂದು ವರ್ಷದ ಮಟ್ಟಿಗೆ ಅಮಾನತಿನಲ್ಲಿಟ್ಟಿತಾದರೂ, ಯುದ್ಧ ಮಾಡಬೇಕಾಗಿ ಬರಬಹುದಾದ ದೇಶದ ಅನುಮತಿಯಿಂದ ಯುದ್ಧಸಾಮಗ್ರಿ ತಯಾರಿಸುವ ಸ್ಥಿತಿ ಬದಲಾಗಿಲ್ಲ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ ಒಂದು ಕಾಲಕ್ಕೆ ಜಗತ್ತಿನ ಬಹುಪಾಲು ವಿರಳ ಭೂಲೋಹವನ್ನು ಒದಗಿಸುತ್ತಿತ್ತು ಎಂಬುದು ಈ ಸಂದರ್ಭದಲ್ಲಿ ನೋವಿನ ನೆನಪು.

ನನ್ನ ವಾದಕ್ಕೆ ಎದುರಾಗಬಹುದಾದ ಮಾತುಗಳನ್ನೂ ಪರಿಶೀಲಿಸುವುದು ನ್ಯಾಯ. ಅಣ್ವಸ್ತ್ರ ಇರುವಾಗ ದೀರ್ಘ ಯುದ್ಧ ನಡೆಯುವುದೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ಅಣ್ವಸ್ತ್ರವುಳ್ಳ ರಷ್ಯಾ 2022ರಿಂದ ಫಿರಂಗಿ, ಕಂದಕ, ನೆಲಬಾಂಬುಗಳ ಯುದ್ಧವನ್ನೇ ನಡೆಸುತ್ತಿದೆ. ಅದು ಅವರ ಮಾತಿಗೆ ಉತ್ತರ. ನಿಖರವಾದ ಕ್ಷಿಪಣಿಗಳು ಬಂದ ಮೇಲೆ ಸಂಖ್ಯೆ ಮುಖ್ಯವಲ್ಲ ಎಂಬುದು ಎರಡನೆಯ ಮಾತು. ವಾಷಿಂಗ್ಟನ್‌ನ ಸಿಎಸ್‌ಐಎಸ್ ಅಧ್ಯಯನ ಸಂಸ್ಥೆ ತೈವಾನ್ ಸುತ್ತಲಿನ ಯುದ್ಧವನ್ನು ಕಲ್ಪಿಸಿ ನಡೆಸಿದ ಅಣಕು ಕದನಗಳಲ್ಲಿ, ದೂರದಿಂದ ಹಡಗುಗಳನ್ನು ಹೊಡೆಯುವ ಅಮೆರಿಕದ ಅತ್ಯಂತ ನಿಖರವಾದ ಕ್ಷಿಪಣಿಗಳು ಒಂದು ವಾರದೊಳಗೇ ಮುಗಿದುಹೋದವು. ನಿಖರತೆಯಿಂದ ಅಗತ್ಯ ತಗ್ಗುತ್ತದೆ ನಿಜ, ಆದರೆ ಗುರಿಗಳೇ ಸಾವಿರಾರು ಇದ್ದಾಗ ಅಸ್ತ್ರಗಳೂ ಸಾವಿರಾರು ಬೇಕು. ಅಗ್ಗದ ಡ್ರೋನ್‌ಗಳು ಎಲ್ಲವನ್ನೂ ಬದಲಿಸಿವೆ ಎಂಬ ಮೂರನೆಯ ಮಾತಿನಲ್ಲಿ ಹೆಚ್ಚು ಹುರುಳಿದೆ. ಆದರೆ ಡ್ರೋನ್ ಯುದ್ಧವೆಂದರೆ ಎಲ್ಲಕ್ಕಿಂತ ಮೊದಲು ಸಾಮೂಹಿಕ ಉತ್ಪಾದನೆಯ ಯುದ್ಧ. ಅದರ ಮೋಟರು, ಬ್ಯಾಟರಿ, ಕ್ಯಾಮೆರಾಗಳ ತಯಾರಿಕೆಯಲ್ಲಿ ಚೀನಾ ಇಂದು ಎಷ್ಟು ಮುಂದಿದೆಯೆಂದರೆ ಈ ಬದಲಾವಣೆ ಅಮೆರಿಕದ ಸಮಸ್ಯೆಯನ್ನು ಹಗುರ ಮಾಡುವ ಬದಲು ಇನ್ನಷ್ಟು ಭಾರ ಮಾಡಿದೆ. ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿಗಳು ಕಳಿಸಿದ ಅಗ್ಗದ ಡ್ರೋನ್ ಮತ್ತು ಕ್ಷಿಪಣಿಗಳನ್ನು ತಡೆಯಲು ಅಮೆರಿಕದ ನೌಕಾಪಡೆ 2024ರ ಏಪ್ರಿಲ್ ಹೊತ್ತಿಗೇ ಸುಮಾರು 100 ಕೋಟಿ ಡಾಲರ್ ಬೆಲೆಯ ಅಸ್ತ್ರಗಳನ್ನು ಖರ್ಚು ಮಾಡಿತ್ತು. ಅದು ದೇಶವೂ ಅಲ್ಲದ ಒಂದು ಸಶಸ್ತ್ರ ಗುಂಪಿನ ಎದುರಿಗೆ.

ಮಿತ್ರರಾಷ್ಟ್ರಗಳ ನೆರವು ಪಡೆಯಬಹುದೆಂಬ ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ. ದಕ್ಷಿಣ ಕೊರಿಯಾ ಮತ್ತು ಜಪಾನ್ ಇಂದಿಗೂ ಉತ್ತಮ ಹಡಗುಗಳನ್ನು ಬೇಗ ಕಟ್ಟುತ್ತವೆ. ಫಿಲಡೆಲ್ಫಿಯಾದಲ್ಲಿ ನೌಕಾಪಡೆ ಬಿಟ್ಟುಹೋದ ಜಾಗದಲ್ಲಿದ್ದ ಹಡಗುಕಟ್ಟೆಯನ್ನು ಕೊರಿಯಾದ ಹನ್ವಾ ಕಂಪನಿ 2024ರ ಕೊನೆಯಲ್ಲಿ ಕೊಂಡಿದೆ. ಅಲ್ಲಿಂದ ಒಳ್ಳೆಯದಾಗಬಹುದು. ಆದರೆ ಆ ಎರಡು ದೇಶಗಳ ಹಡಗುಕಟ್ಟೆಗಳು ಚೀನಾದ ಕ್ಷಿಪಣಿಗಳ ವ್ಯಾಪ್ತಿಯೊಳಗಿವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯೋಜನೆ ಮಾಡುವಂತಿಲ್ಲ.

ಇದೆಲ್ಲ ಅಮೆರಿಕದವರಿಗೆ ಗೊತ್ತಿಲ್ಲವೆಂದಲ್ಲ. ಅವರ ಸಂಸತ್ತು ನೇಮಿಸಿದ, ಜೇನ್ ಹಾರ್ಮನ್ ಅಧ್ಯಕ್ಷತೆಯ ಆಯೋಗ 2024ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ, ದೇಶದ ಮತ್ತು ಮಿತ್ರರ ಅಗತ್ಯವನ್ನು ಪೂರೈಸಲು ಈಗಿನ ರಕ್ಷಣಾ ಉದ್ಯಮಕ್ಕೆ ಶಕ್ತಿಯಿಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆದಿದೆ. ಶತ್ರುವಿನ ಕ್ಷಿಪಣಿ, ವಿಮಾನಗಳನ್ನು ತಡೆಯುವ ಪೇಟ್ರಿಯಟ್ ವ್ಯವಸ್ಥೆಯ ಪಿಎಸಿ-3 ಕ್ಷಿಪಣಿಗಳು 2024ರಲ್ಲಿ 500ರಷ್ಟು ತಯಾರಾದವು. ವರ್ಷಕ್ಕೆ 2,000 ತಯಾರಿಸಲು ಲಾಕ್‌ಹೀಡ್ ಮಾರ್ಟಿನ್ ಜೊತೆ 2026ರ ಜನವರಿಯಲ್ಲಿ ಒಪ್ಪಂದವಾಗಿದೆ. ಆ ಒಪ್ಪಂದದ ಅವಧಿ ಏಳು ವರ್ಷ. ನನಗೆ ಈ ಒಪ್ಪಂದ ಸರಿಯಾದ ದಿಕ್ಕಿನದಾಗಿ ಕಾಣುತ್ತದೆ, ಏಕೆಂದರೆ ವರ್ಷ ವರ್ಷ ಕೈಬದಲಿಸುವ ಆದೇಶದ ಬದಲು ದೀರ್ಘಾವಧಿಯ ಭರವಸೆ ಕೊಟ್ಟಾಗ ಮಾತ್ರ ಕೆಳಹಂತದ ಸಣ್ಣ ವರ್ಕ್‌ಶಾಪ್ ಹೊಸ ಯಂತ್ರಕ್ಕೆ ಸಾಲ ತೆಗೆಯುವ ಧೈರ್ಯ ಮಾಡುತ್ತದೆ. ಅದರ ಜೊತೆಗೆ, ಬಳಕೆಯಿಲ್ಲದಿದ್ದರೂ ಸುಸ್ಥಿತಿಯಲ್ಲಿ ಇಡಬೇಕಾದ ಹೆಚ್ಚುವರಿ ಸಾಲುಗಳಿಗೆ ಸರ್ಕಾರವೇ ಹಣ ಕೊಡಬೇಕು, ಒಬ್ಬನೇ ಉತ್ಪಾದಕನಿರುವ ಪ್ರತಿಯೊಂದು ವಸ್ತುವಿಗೂ ಎರಡನೆಯವನನ್ನು ನಷ್ಟವಾದರೂ ಉಳಿಸಿಕೊಳ್ಳಬೇಕು, ಹಡಗುಕಟ್ಟೆಯ ಕಾರ್ಮಿಕನ ಸಂಬಳವನ್ನು ಹಡಗಿನ ಬೆಲೆಯಲ್ಲಿ ಮೊದಲ ಬಾಬ್ತಾಗಿ ನೋಡಬೇಕು. ಲೆಕ್ಕಪರಿಶೋಧಕರ ಕಣ್ಣಿಗೆ ಇವೆಲ್ಲ ದುಂದುವೆಚ್ಚವಾಗಿ ಕಾಣುತ್ತವೆ, ಕಾಣುತ್ತಲೇ ಇರುತ್ತವೆ. ಅಗ್ನಿಶಾಮಕ ಠಾಣೆಯನ್ನು ವರ್ಷಕ್ಕೆ ಎಷ್ಟು ಬೆಂಕಿ ಆರಿಸಿತು ಎಂದು ಎಣಿಸಿ ಮುಚ್ಚುವಂತಿಲ್ಲ ಎಂಬ ತಿಳಿವಳಿಕೆ ಇಲ್ಲಿಗೂ ಬರಬೇಕು.

ಯುದ್ಧ ಬರಲಿ ಎಂದು ಹಾರೈಸಿ ನಾನಿದನ್ನು ಬರೆಯುತ್ತಿಲ್ಲ. ಬಲವಿದೆಯೆಂಬ ಭ್ರಮೆಯಲ್ಲಿ ಯುದ್ಧಕ್ಕಿಳಿಯುವ ದೇಶವೂ, ಎದುರಾಳಿಯ ಗೋದಾಮು ಖಾಲಿಯಿದೆಯೆಂದು ತಿಳಿದು ಮೇಲೆರಗುವ ದೇಶವೂ ಒಂದೇ ಸಮನಾದ ಅಪಾಯವನ್ನು ತರುತ್ತವೆ. 2024ರ ಫೆಬ್ರುವರಿಯಲ್ಲಿ ಅವ್ದೀವ್ಕಾ ಪಟ್ಟಣವನ್ನು ಉಕ್ರೇನ್ ಸೈನಿಕರು ಬಿಟ್ಟುಬಂದಾಗ ಅವರಿಗೆ ಶೆಲ್‌ಗಳನ್ನು ಎಣಿಸಿ ಕೊಡಲಾಗುತ್ತಿತ್ತು. ಅಮೆರಿಕದ ಕಾಂಗ್ರೆಸ್‌ನಲ್ಲಿ ನೆರವಿನ ಮಸೂದೆ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿದ್ದು ಅದಕ್ಕೆ ಮುಖ್ಯ ಕಾರಣ. ಆದರೆ ಮಸೂದೆಗೆ ಕಾಯದೆ ಕೊಡಬಹುದಾದಷ್ಟು ಶೆಲ್‌ಗಳು ಅಮೆರಿಕದಲ್ಲಾಗಲೀ ಯುರೋಪಿನಲ್ಲಾಗಲೀ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಆದ್ದರಿಂದ ಪತ್ರಿಕೆಯಲ್ಲಿ ನನ್ನ ವಿನಂತಿ ಇಷ್ಟು. ಅಮೆರಿಕದ ಅಥವಾ ಯಾವುದೇ ದೇಶದ ಸೇನಾಬಲದ ಬಗ್ಗೆ ವರದಿ ಮಾಡುವಾಗ ಬಜೆಟ್‌ನ ಮೊತ್ತ ಮತ್ತು ವಿಮಾನಗಳ ಸಂಖ್ಯೆಯ ಪಕ್ಕದಲ್ಲಿ, ತಿಂಗಳಿಗೆ ಎಷ್ಟು ಶೆಲ್ ಮತ್ತು ಕ್ಷಿಪಣಿ ತಯಾರಾಗುತ್ತಿವೆ, ದುರಸ್ತಿಗೆ ಎಷ್ಟು ನೌಕೆಗಳು ಕಾಯುತ್ತಿವೆ, ಮುಖ್ಯ ಬಿಡಿಭಾಗಗಳಲ್ಲಿ ಒಬ್ಬನೇ ಉತ್ಪಾದಕನಿರುವವು ಯಾವುವು ಎಂಬ ಮಾಹಿತಿಯನ್ನೂ ದಯವಿಟ್ಟು ಕೊಡಿ. ಅಮೆರಿಕದ ಮಟ್ಟಿಗೆ ಇವುಗಳಲ್ಲಿ ಬಹುಪಾಲು ಅಂಕಿಗಳನ್ನು ಅಲ್ಲಿನ ಸರ್ಕಾರವೇ ಬಹಿರಂಗವಾಗಿ ಪ್ರಕಟಿಸುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ